ಮಂಜುಗಡ್ಡೆ ಎಲ್ಲಿ?

ಡಕಾರಿನ ಅಂಚು, ಪಿಕಿನ್. ಪುಸ್ತಕ ಮಾತ್ರ ಪ್ಯಾರಿಸಿನದು.
ನಲವತ್ತೊಂದನೇ ಪುಟದಲ್ಲಿ
ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿಳಿ ಹುಡುಗಿ
ಕೈ ಚಾಚಿ ಮೆಲ್ಲಗೆ, ಮಡಚಿ ಬಿರುಸಾಗಿ
ತಿರುಗುತ್ತಾಳೆ.
"ಕೆರೆ ಹೇಗೆ ಹೆಪ್ಪಾಗುತ್ತೆ ಮೇಡಂ, ಮೊಸರಿನ ಹಾಗಾ?"
ಹನ್ನೊಂದು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ.
ನಾನೂ ನೋಡಿಲ್ಲ.

ಹಿಂದಿನ ಬೆಂಚಿನಿಂದ ಉಸೇನು ಎದ್ದ,
ಹಿಪ್‌ಹಾಪಿಗೆ ತಲೆ ಕೊಟ್ಟು ಎರಡು ಸಲ ಫೇಲಾದವನು.
ಫ್ರಿಜ್ಜು ಬಂದ ರಟ್ಟು ಬಿಚ್ಚಿ ಹಾಸಿದ,
ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದ,
ತಲೆ ನೆಲಕ್ಕೂರಿ ಕಾಲು ಮೇಲೆ.
ಜೋಬಾ ಬೆಂಚು ಬಡಿದಳು,
ಯಾರದೋ ಬಾಯಲ್ಲಿ ಡ್ರಮ್ಮು.
ಕಾಲು ಅಗಲಿಸಿದರೆ ನಿಧಾನ,
ಕೂಡಿಸಿದರೆ
ಬುಗುರಿ.

ಇನ್ನೊಮ್ಮೆ, ಅಂದೆ. ಗಡಿಯಾರ ನೋಡಿದೆ.
ಒಂಬತ್ತು ಸುತ್ತು. ಕಾಲು ಕೂಡಿಸಿ, ಹದಿನಾಲ್ಕು.
ಸಮೀಕರಣ ತಾನೇ ಬಂದು ಬೋರ್ಡಿನ ಮೇಲೆ ನಿಂತಿತು.
"ಯಾರೂ ತಡೆಯದಿದ್ದರೆ ತಿರುಗುತ್ತಲೇ ಇರ್ತೀನಾ?"
ಹೌದು.
"ತಡೆಯೋದು ಯಾರು?"
ರಟ್ಟು. ಗಾಳಿ. ನಿನ್ನ ಟೋಪಿ.
ಟೋಪಿ ತೆಗೆದ. ಉಣ್ಣೆ ಸವೆದು ತೂತು;
ನೆತ್ತಿಯಲ್ಲಿ ನಾಣ್ಯದಗಲ ಕೂದಲಿಲ್ಲ.
"ಘರ್ಷಣೆ," ಅಂದಳು ಜೋಬಾ, ಮುಟ್ಟಿ ನೋಡಿ.
ಆ ಪಾಠ ಮುಂದಿನ ವಾರದ್ದು.

ಜಿಲ್ಲಾ ಪರೀಕ್ಷೆಯಲ್ಲಿ
ಅದೇ ಕೆರೆ, ಅದೇ ಹುಡುಗಿ: ಕೈ ಮಡಚಿದರೆ ವೇಗವೇಕೆ ಹೆಚ್ಚುತ್ತದೆ?
ಉಸೇನು ರಟ್ಟಿನ ಬಗ್ಗೆ ಬರೆದ,
ಎರಡು ಪುಟ, ಲೆಕ್ಕ ಸಮೇತ,
ತಲೆಕೆಳಗಾದ ಹುಡುಗನ ಚಿತ್ರ,
ನೆತ್ತಿಗೊಂದು ಬಾಣ.
ಅಂಚಿನಲ್ಲಿ ಕೆಂಪು ಶಾಯಿ ಕೇಳಿದೆ:
ಮಂಜುಗಡ್ಡೆ ಎಲ್ಲಿ?
ಅರ್ಧ ಅಂಕ.

ನಲವತ್ತೊಂದನೇ ಪುಟದ ಮೇಲೆ
ಆ ಎರಡು ಹಾಳೆ ಅಂಟಿಸಿದ್ದೇನೆ.
ಗೋಂದು ಹೆಚ್ಚಾಯಿತು;
ಕೆರೆ ಈಗ ಬಿಚ್ಚಿಕೊಳ್ಳುವುದಿಲ್ಲ.