ಹೆಸರಿನ ಕಾಲಂ ಖಾಲಿ

ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ
ಅಂಗಡಿಯ ಮಾಡು ಹತ್ತುತ್ತೇನೆ.
ತೆಂಗಿನೆಣ್ಣೆಯ ಆಲಿಕೆ, ಜಾಮಿನ ಬಾಟಲಿ,
ಕಂಪಾಸು ಪೆಟ್ಟಿಗೆಯ ಗೇಣುದ್ದದ ಸ್ಕೇಲು:
ಇಷ್ಟೇ ನನ್ನ ಹವಾಮಾನ ಇಲಾಖೆ,
ಉಪ್ಪಳ ಶಾಖೆ, ಸಿಬ್ಬಂದಿ ಒಬ್ಬ.

ಕೆಳಗೆ ಜೆರಾಕ್ಸ್ ಯಂತ್ರ ಬಿಸಿಯಾಗುತ್ತಿರುತ್ತದೆ.
"ಎಷ್ಟು ಬಂತು ಮಾರಾಯ?" ಲೋಲಾಕ್ಷ ಪುತ್ರನ್,
ರೇಷನ್ ಕಾರ್ಡಿನ ಪ್ರತಿಗೆ ಬಂದವರು.
"ಹದಿನೇಳು ಪಾಯಿಂಟ್ ಎರಡು."
"ಆ ಪಾಯಿಂಟ್ ಎರಡು ನನ್ನ ತಲೆಯ ಮೇಲೇ ಬಿದ್ದದ್ದು"
ಎಂದು ನಗುತ್ತಾರೆ. ನಾನು ಬರೆದುಕೊಳ್ಳುತ್ತೇನೆ.

ನಮ್ಮದು ಎರಡು ಮುನ್ಸೂಚನೆಗಳ ಊರು.
ತಿರುವನಂತಪುರ ನಮಗೆ ಹಳದಿ ಬಳಿದರೆ
ತಲಪಾಡಿಯಾಚೆ ಬೆಂಗಳೂರು ಕಿತ್ತಳೆ ಬಳಿಯುತ್ತದೆ.
ಟೋಲ್ ಗೇಟಿನಾಚೆ ಶಾಲೆಗೆ ರಜೆ, ಈಚೆ ಗಣಿತದ ಪರೀಕ್ಷೆ.
ಅಕ್ಕನ ಮಗಳು ಅರ್ಧ ಒದ್ದೆ ಸಮವಸ್ತ್ರದಲ್ಲಿ
ಬಾಗಿಲಲ್ಲಿ ನಿಂತು ಕೇಳುತ್ತಾಳೆ,
ಮಾವ, ಈ ಮಳೆ ಯಾವ ಜಿಲ್ಲೆಯದು?

ಬೊಂತೆಲ್ ತಿಂಗಳ ಹತ್ತರ ಸುಮಾರಿಗೆ
ಲಕ್ಷದ್ವೀಪದ ತೆಂಕಣಕ್ಕೆ ಅದು ಕಂಡಿತು.
ಮೊದಲು ಬರೀ ಬಿಳಿ ಮಬ್ಬು, ಅಕ್ಕಿ ತೊಳೆದ ನೀರು.
ರಾತ್ರಿ ಎರಡಕ್ಕೆ ಉಪಗ್ರಹದ ಚಿತ್ರ ತೆರೆದೆ,
ಎರಡೂವರೆಗೆ ಮತ್ತೆ,
ಮೂರಕ್ಕೆ ಸುರುಳಿ ಹಿಡಿದಿತ್ತು.
ಒತ್ತಡ ಸಾವಿರದ ಆರು, ಸಾವಿರದ ನಾಲ್ಕು,
ಸಾವಿರದ ಎರಡು.
ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ತಾಯಿಯ ಹಾಗೆ ಕೂತಿದ್ದೆ.
ಒಂದೇ ವ್ಯತ್ಯಾಸ: ಜ್ವರ ಏರಲಿ ಎಂದು.

ಪುಸ್ತಕದಲ್ಲಿ ಹೊಸ ಪುಟ. ಗಾಳಿ, ದಿಕ್ಕು, ಒತ್ತಡ, ಹೆಸರು.
ಮೂವತ್ತನಾಲ್ಕು ನಾಟ್ ಮುಟ್ಟದೆ
ಇವಕ್ಕೆ ಹೆಸರಿಡುವುದಿಲ್ಲ.
ದೆಹಲಿಯಲ್ಲಿ ಪಟ್ಟಿ ಸಿದ್ಧ, ತೊಟ್ಟಿಲು ಸಿದ್ಧ.
ಇದು ಮೂವತ್ತಕ್ಕೆ ಬಂದು ನಿಂತಿತು.

ನಾಲ್ಕು ದಿನ ಇಳಿಯಬೇಡಿ ಎಂದಿದ್ದೆ ಲೋಲಾಕ್ಷಣ್ಣನಿಗೆ.
ಇಳಿಯಲಿಲ್ಲ. ಮೂಸೋಡಿಯಲ್ಲಿ ದೋಣಿಗಳು ಬೋರಲು ಮಲಗಿದವು,
ಬಂಗುಡೆ ಕಡಲಲ್ಲೇ ಸುಖವಾಗಿತ್ತು.
ಐದನೆಯ ದಿನ ಅದು ಪಡುವಣಕ್ಕೆ ಹೊರಳಿತು,
ಒಮಾನಿನತ್ತ ಹೋಗಿ, ಒಣಗಾಳಿ ಕುಡಿದು,
ನೂಲುಂಡೆಯ ಹಾಗೆ ಬಿಚ್ಚಿಕೊಂಡಿತು.
ದೇವರು ದೊಡ್ಡವನು ಎಂದರು ಎಲ್ಲರೂ.
ನಾನೂ ಎಂದೆ.
ಎನ್ನುತ್ತಿದ್ದವನ ಒಳಗೆ ಯಾರೋ
ಆಟ ರದ್ದಾದ ಹುಡುಗನಂತೆ ನೆಲ ಒದೆಯುತ್ತಿದ್ದ.
ಇದನ್ನು ಯಾರಿಗೂ ಹೇಳಿಲ್ಲ.

ಆರನೆಯ ರಾತ್ರಿ ಫೋನು ಮಗುಚಿಟ್ಟು ಮಲಗಿದೆ.
ಬಾನ ತುಂಬ ಚುಕ್ಕಿ, ಎಲೆಯಲುಗದ ಸೆಕೆ.
ಆಗ ಬಂತು, ಗಾಳಿಯಿಲ್ಲದೆ, ಮೋಡವಿಲ್ಲದೆ,
ಮಲಯಾಳದವರು ಕಳ್ಳಕ್ಕಡಲ್ ಎನ್ನುತ್ತಾರಲ್ಲ, ಅದು.
ಅಷ್ಟು ದೂರದಲ್ಲಿ ಸತ್ತಿತ್ತು,
ಅದರ ಅಲೆಗಿನ್ನೂ ಸುದ್ದಿ ಮುಟ್ಟಿರಲಿಲ್ಲ.
ಕಲ್ಲಿನ ತಡೆಗೋಡೆ ದಾಟಿ
ಬೀಪಾತುಮ್ಮನ ಹಿತ್ತಿಲಿಗೆ ಹೊಕ್ಕು
ಒಣಮೀನಿನ ಚಾಪೆ, ಪ್ಲಾಸ್ಟಿಕ್ ಕುರ್ಚಿ, ಎರಡು ಕೋಳಿ
ಎತ್ತಿಕೊಂಡು, ಹೊಸ್ತಿಲ ಮೇಲೊಂದು ಜೆಲ್ಲಿ ಮೀನು
ಬಾಡಿಗೆಯಂತೆ ಇಟ್ಟುಹೋಗಿತ್ತು.

ನಾನು ಹೋದಾಗ ಆಕೆ ಹಿಡಿಸೂಡಿಯಲ್ಲಿ
ಕಡಲನ್ನು ಹೊರಗೆ ದೂಡುತ್ತಿದ್ದಳು.
"ನಿನ್ನ ಪುಸ್ತಕದಲ್ಲಿ ಇದು ಇತ್ತಾ ಮೋನೇ?"
ಇರಲಿಲ್ಲ. ಅಲೆಗೆಂದು ನಾನು ಕಾಲಂ ಎಳೆದಿರಲಿಲ್ಲ.
ಬೈಯಲಿ ಎಂದು ನಿಂತೆ. ಆಕೆ
ಗೋಡೆಯ ಮೇಲಿನ ಒದ್ದೆ ಗೆರೆ ತೋರಿಸಿದಳು.
"ಅಳೆದುಕೋ. ಒಣಗುವ ಮೊದಲು."

ಸ್ಕೇಲು ಮೋಟು. ಮೂರು ಸಲ ಇಟ್ಟು ಕೂಡಿಸಿದೆ:
ನಲವತ್ತೊಂದು ಸೆಂಟಿಮೀಟರ್.
ಎಂಟೂವರೆ ಎಂದೋ ದಾಟಿತ್ತು.
ಮಾಡಿನ ಮೇಲೆ ಬಾಟಲಿಯಲ್ಲಿ ಮಳೆ ಸೊನ್ನೆ.
ಹೆಸರಿನ ಕಾಲಂ ಖಾಲಿಯೇ ಬಿಟ್ಟೆ.
ಪಕ್ಕದಲ್ಲಿ, ಗೆರೆಗಳು ಮುಗಿದ ಪುಟದಂಚಿಗೆ,
ಬರೆದೆ: ಎರಡು ಕೋಳಿ.