ಆರು ಗೇಣು

ಸೀತಾಂಗೋಳಿಯಿಂದಾಚೆ, ಪಾದೆಯ ಮೇಲೆ,
ಕಲ್ಲು ಕಡಿದು ಮುಗಿಸಿ ಬಿಟ್ಟುಹೋದ ಪಣೆಯೊಂದು
ನಮ್ಮ ಶಾಲೆಗೆ ಸಿಕ್ಕಿತು.
ಎರಡಾಳು ಆಳ. ಗೋಡೆಯುದ್ದಕ್ಕೂ ಮೆಷಿನ್ನಿನ ಗೆರೆ,
ಯಾರೋ ಮೊದಲೇ ಚೌಕುಳಿ ಹೊಡೆದಿಟ್ಟ ಕೆಂಪು ಹಾಳೆ.

ನಾನು ಗಣಿತದ ಟೀಚರು, ಆಸೆ ಸ್ವಲ್ಪ ಜಾಸ್ತಿ.
ಶಂಖದ ಸುರುಳಿಯಲ್ಲಿ ಹದಿನಾಲ್ಕು ಮಡಿ ಬರೆದೆ,
ಮಡಿಯಿಂದ ಮಡಿಗೆ ಆರು ಗೇಣು,
ನಡುವೆ ಹಾಸುಗಲ್ಲು.
ಅರೆಕಲ್ಲಿಗೆ ಒಂದು ಗೇಣು, ಇಡಿಕಲ್ಲಿಗೆ ಎರಡು.
ಲಘು. ಗುರು.
ಆರು ಮಾತ್ರೆಯನ್ನು ತುಂಬುವ ಬಗೆ ಹದಿಮೂರು,
ಎಷ್ಟು ತಿಣುಕಿದರೂ ಹದಿನಾಲ್ಕಾಗದು;
ಮಡಿಗಳ ನಡುವಿನ ಜಾಗವೂ ಹದಿಮೂರೇ!
ಆ ರಾತ್ರಿ ಖುಷಿಗೆ ನಿದ್ದೆ ಹತ್ತಲಿಲ್ಲ.

ಅಂಬಾಡಿ ಮೇಸ್ತ್ರಿಗೆ ಚೀಟಿ ಕೊಟ್ಟೆ:
ಇಡಿ ಇಪ್ಪತ್ತು, ಅರೆ ಮೂವತ್ತೆಂಟು.
ಒಂಬತ್ತು ದಾರಿ ಹಾಸಿ ಆತ ಕೈ ತೊಳೆದುಕೊಂಡ.
"ಮುಗಿಯಿತು."
"ಹದಿಮೂರಲ್ವ ಮೇಸ್ತ್ರಿ?"
ಮಾತಾಡದೆ ಆಚೆ ಮಡಿಯ ಹತ್ತಿರ ಹೋಗಿ ನಿಂತ.
"ಟೀಚರೇ, ಹೀಗೆ ಬನ್ನಿ."
ಹೋದೆ: ಅರೆ, ಅರೆ, ಇಡಿ, ಇಡಿ.
"ಇನ್ನು ತಿರುಗಿ ಹೋಗಿ."
ಇಡಿ, ಇಡಿ, ಅರೆ,
ಕೊನೆಯ ಅರೆಕಲ್ಲಿನ ಮೇಲೆ ಕಾಲು ನಿಂತಿತು.
"ಇದನ್ನೇ ಅಲ್ಲಿ ಬೇರೆ ಅಂತ ಬರೆದಿದ್ದೀರಿ.
ಸುಮ್ಮನೆ ಕಲ್ಲು ದಂಡ."

ಚೀಟಿ ಬಿಡಿಸಿ ಕೂತೆ, ಅವನ ಬೀಡಿ ಮುಗಿಯುವ ತನಕ.
ನಿಜ. ನಾಲ್ಕು ದಾರಿ
ಬೇರೆ ನಾಲ್ಕರ ಬೆನ್ನು.

ಪದ್ಯದ ಸಾಲು ಎಡದಿಂದ ಬಲಕ್ಕೆ ಎಂದೇ ಕಲಿತವಳು,
ಹೋದ ದಾರಿಯಲ್ಲೇ ದಿನವೂ
ಐದರ ಬಸ್ಸು ಹಿಡಿದು ಮನೆಗೆ ಮರಳುತ್ತಿದ್ದರೂ.

ಉಳಿದ ನಾಲ್ಕು ಕಡೆ ಬರೀ ಪಾದೆ.
ಆಟಿಯ ಮಳೆಗೆ ಅಲ್ಲಿ ಅಂಗೈ ಆಳ ನೀರು ನಿಂತಿತು,
ಸೋಣದಲ್ಲಿ ಕಾಕಪೂ,
ನಾನು ನೆಡದ, ಎಣಿಸದ ನೀಲಿ.
ಹಾಸಿದ ಒಂಬತ್ತರಲ್ಲಿ
ಕಲ್ಲಿಗೂ ಕಲ್ಲಿಗೂ ನಡುವೆ, ಯತಿ ಇರಬೇಕಾದಲ್ಲಿ,
ಗರಿಕೆ.

ಏಳನೆಯ ಮಿಸ್ರಿಯಳಿಗೆ ಕಲ್ಲಿನ ದಾರಿಯೇ ಬೇಡ.
ಲಂಗ ಎತ್ತಿ ಹಿಡಿದು
ನೀರಿನ ಮೇಲಿಂದ ಒಂದೇ ನೆಗೆತ.
"ಟೀಚರ್, ಇದು ಲಘುವಾ ಗುರುವಾ?"

ಎರಡೂ ಅಲ್ಲ ಎನ್ನುವಷ್ಟರಲ್ಲಿ
ಅವಳು ಆಚೆಯಿಂದ ಮತ್ತೆ ಈಚೆಗೆ ಹಾರಿಯಾಗಿತ್ತು,
ಒದ್ದೆ ಹಿಮ್ಮಡಿಗೆ
ಒಂದು ನೀಲಿ ಎಸಳು ಅಂಟಿಕೊಂಡು.