ಜೋಡಿಕೋರೆ

ಲಾ ಬ್ರೆಯಾ ಎಂದರೇ ಡಾಂಬರು, ಸ್ಪ್ಯಾನಿಷಿನಲ್ಲಿ.
ಲಾ ಬ್ರೆಯಾ ಟಾರ್ ಪಿಟ್ಸ್ ಅಂದರೆ
ಡಾಂಬರು ಡಾಂಬರು ಹೊಂಡ.
ಎರಡು ಸಲ ಹೇಳಿದ್ದು ಸಾಲದೆಂದು
ವಿಲ್ಷೈರ್ ರಸ್ತೆಯ ಪಕ್ಕದ ಹುಲ್ಲುಹಾಸಿನಲ್ಲಿ
ಮೂರನೆಯ ಸಲ ನೆಲವೇ ಉಕ್ಕಿ ಹೇಳುತ್ತದೆ.
ತೋಟದವನು ಅಲ್ಲೊಂದು ಕಿತ್ತಳೆ ಬಣ್ಣದ ಕೋನು ನಿಲ್ಲಿಸಿ
ಮುಂದೆ ಹೋಗುತ್ತಾನೆ.

ಶನಿವಾರ ಹತ್ತಕ್ಕೆ ನಾನಿಲ್ಲಿ.
ಮೂವತ್ತೊಂದು ವರ್ಷ ಮಕ್ಕಳ ಹಲ್ಲು ನೋಡಿ ಬಿಟ್ಟವಳು.
ಅದೇ ಕೊಕ್ಕೆ, ಅದೇ ಸಣ್ಣ ಬ್ರಶ್ಶು, ಅದೇ ಕತ್ತುನೋವು.
ಇಲ್ಲಿನ ರೋಗಿಗಳು ಬೆರಳು ಕಚ್ಚುವುದಿಲ್ಲ,
ನೋವಾಗುತ್ತಾ ಎಂದು ಕೇಳುವುದಿಲ್ಲ;
ಸುಳ್ಳು ಹೇಳುವ ಕೆಲಸ ತಪ್ಪಿತು.

ಪಕ್ಕದ ಮೇಜು ಆರ್ಪಿನೆಯದು.
ಗ್ಲೆಂಡೇಲಿನಿಂದ ಬಸ್ಸಿನಲ್ಲಿ ಬರುತ್ತಾಳೆ, ಡಬ್ಬಿಯಲ್ಲಿ ಒಣ ಏಪ್ರಿಕಾಟು.
"ನಿನ್ನ ಬೆಕ್ಕು ಹೇಗಿದೆ ಇವತ್ತು?"
ಬೆಕ್ಕಂತೆ!
ಸಿಂಹವನ್ನು ಮೀರಿದ ತೂಕ, ಕರಡಿಯ ರಟ್ಟೆ, ಮೋಟು ಬಾಲ,
ಚೋಟುದ್ದದ ಕೋರೆ.
ನಮ್ಮಲ್ಲಿ ಚೋಟುದ್ದ ಅಂದರೆ ಪುಟ್ಟದು.
ಆ ಮಾತನ್ನು ಈ ಬಾಯೊಳಗೊಮ್ಮೆ ಇಟ್ಟು ನೋಡಬೇಕು.

ಇಷ್ಟಾಗಿ, ಬಲವಿದ್ದದ್ದು ಕೋರೆಯಲ್ಲಲ್ಲ.
ಕಾಡುಕೋಣವನ್ನು ಮೊದಲು ಮುಂಗಾಲಲ್ಲಿ ಅವುಚಿ
ನೆಲಕ್ಕೊತ್ತಿ, ಅದು ಮಿಸುಕದಂತಾದ ಮೇಲೆ,
ಆಮೇಲೆ ಕೋರೆ. ಹುಷಾರಾಗಿ,
ಗಾಜಿನ ಸಾಮಾನು ಇಳಿಸುವ ಹಾಗೆ.
ಬೇಟೆ ಪಕ್ಕಕ್ಕೆ ಒದರಿದರೆ ಲಟಕ್ಕನೆ ಮುರಿಯುವ ಹಲ್ಲು.
ಮುರಿದವೂ ಇವೆ, ಕಪಾಟಿನ ಮೂರನೆಯ ಖಾನೆಯಲ್ಲಿ.
ಮುರಿದ ಅಂಚು ಸವೆದು ನುಣ್ಣಗಾಗಿದೆ,
ಅಂದರೆ ಮುರಿದ ಮೇಲೂ ಬಹುಕಾಲ ತಿಂದಿದೆ ಆ ಬಾಯಿ.
ಏನು ತಿಂದಿತು, ಯಾರು ಬಿಟ್ಟುಕೊಟ್ಟರು?
ಗಾದೆಯ ಕಡಲೆಯಂತೂ ಅಲ್ಲ.

ಇವತ್ತು ನನ್ನ ಮೇಜಿಗೆ ಬಂದದ್ದು ಒಂದು ಮರಿ.
ಮೇಲ್ದವಡೆಯ ತುಂಡು, ಹಳೆ ಬೆಲ್ಲದ ಬಣ್ಣ.
ದ್ರಾವಕದಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿ,
ಹತ್ತಿ ಕಪ್ಪಾಗಿ, ಕಂದಾಗಿ, ಕೊನೆಗೊಮ್ಮೆ ಬಿಳಿಯಾಗಿಯೇ ಉಳಿದಾಗ
ಕಂಡಿತು:
ಹಾಲುಕೋರೆ ಇನ್ನೂ ಅಲ್ಲೇ ಇದೆ,
ಅದರ ಮಗ್ಗುಲಲ್ಲೇ ಹೊಸದು, ಅರ್ಧ ಹುಟ್ಟಿ.

ಯಾರೆಟ್ಜಿ ನೆನಪಾದಳು.
ಏಳು ವರ್ಷ, ಬಾಯಲ್ಲಿ ಎರಡು ಸಾಲು.
ಮಗಳ ಬಾಯಿ ಮೀನಿನ ಬಾಯಾಯಿತೆಂದು
ಅವಳಮ್ಮ ಬಾಗಿಲಲ್ಲೇ ಅತ್ತಿದ್ದಳು.
"ಹಳೆಯದು ಜಾಗ ಬಿಡುತ್ತಿಲ್ಲ, ಅಷ್ಟೇ ತಾಯಿ" ಅಂದೆ, ಇಕ್ಕಳ ಹಿಡಿದು.
ಎಷ್ಟು ಬಾಯಿಗಳ ಮೇಲೆ ಬಾಗಿ ಹೇಳಿದ ಮಾತೋ.
ಮನುಷ್ಯರ ಮಟ್ಟಿಗೆ ಅದು ಸರಿಯೇ.

ಇಲ್ಲಿ ಹಳೆಯದು ತಿಂಗಳುಗಟ್ಟಲೆ ಕದಲುವುದಿಲ್ಲ.
ಹೊಸದು ನೀಳವಾಗುತ್ತದೆ, ಸಪೂರ, ಪೆಳಸು;
ಬೇಟೆ ಕಲಿಯುವ ಆ ದಿನಗಳಲ್ಲಿ
ಪಕ್ಕದಿಂದ ಆತುಕೊಂಡಿರುತ್ತದೆ ಹಾಲುಹಲ್ಲು,
ಮಗುವಿನ ಸೈಕಲ್ಲಿನ ಸೀಟು ಹಿಡಿದು
ಹಿಂದೆ ಏದುಸಿರಲ್ಲಿ ಓಡುವವರ ಹಾಗೆ.
ಇರಬಹುದು ಎನ್ನುತ್ತಾರೆ ಬಲ್ಲವರು. ಖಚಿತವೆನ್ನುವುದಿಲ್ಲ.
ಆದರೆ ಇದರ ಸೈಕಲ್ಲಿನ್ನೂ ಹೊರಟೇ ಇರಲಿಲ್ಲ.

ಹೊಂಡದಲ್ಲಿ ಹೂತ ಒಂಟೆಯೊಂದು ಕೂಗಿರಬೇಕು
(ಒಂಟೆಗಳಿದ್ದವು ಇಲ್ಲಿ, ಈಗ ಮರ್ಸಿಡಿಸ್‌ಗಳಿರುವ ಕಡೆ).
ಕೂಗಿಗೆ ತಾಯಿ, ತಾಯಿಯ ಹಿಂದೆ ಇದು.
ಎಲೆ ಉದುರಿದ ಕಪ್ಪು, ಮೇಲೆ ತೆಳ್ಳಗೆ ಮಳೆನೀರು;
ಅಂಗೈ ಆಳದ ಅಂಟು ಸಾಕಾಯಿತು.
ದಡದಲ್ಲಿ ಅವಳು ಗರ್ಜಿಸಿದಳೋ, ಗುರುಗುಟ್ಟಿದಳೋ,
ಗಂಟಲಿನ ಸಣ್ಣ ಮೂಳೆ ಮುಂದಿಟ್ಟುಕೊಂಡು
ಇನ್ನೂ ಜಗಳ ನಡೆದಿದೆ.
ಅಥವಾ ದಡದಲ್ಲಿರಲೇ ಇಲ್ಲ ಅವಳು.
ಗೋಡೆಯ ಬದಿಯ ತೊಳೆಯದ ಉಂಡೆಗಳಲ್ಲೊಂದರಲ್ಲಿ
ನಂಬರು ಹಚ್ಚಿಸಿಕೊಂಡು
ಸರದಿ ಕಾಯುತ್ತಿರಬಹುದು.

ಗಾಜಿನಾಚೆ ಒಬ್ಬ ಹುಡುಗ ಮೂಗೊತ್ತಿ ನಿಂತಿದ್ದ.
ನನ್ನ ಕೈಯಲ್ಲಿದ್ದುದನ್ನು ಕಂಡು ತುಟಿ ಎತ್ತಿದ:
ಒಂದು ಖಾಲಿ ಜಾಗ,
ಅದರ ಪಕ್ಕ, ನಾಲಗೆ ತಳ್ಳಿದಂತೆಲ್ಲ ತೂಗುವ ಇನ್ನೊಂದು.
ಅಭ್ಯಾಸಬಲ, ಕನ್ನಡಕ ಏರಿಸಿ ನೋಡಿದೆ.
ಕೈಸನ್ನೆಯಲ್ಲಿ ಹೇಳಿದೆ, ಬಿಡು, ಇರಲಿ.

ಆರ್ಪಿನೆ ಡಬ್ಬಿ ಮುಂದೆ ಸರಿಸಿದಳು.
"ತಡೆ, ಕೈಯೆಲ್ಲ ಡಾಂಬರು" ಅಂದೆ.